ಪ್ರಭುತ್ವ ಮತ್ತು ಸರ್ಕಾರ: ಸ್ವರೂಪ, ಶಕ್ತಿ, ಕಡಿವಾಣ

ಗೊತ್ತಾದ ಎಲ್ಲೆಯುಳ್ಳ ನೆಲದಲ್ಲಿ ನೆಲೆಸಿದ ಎಲ್ಲರಿಗೂ ಅನ್ವಯಿಸುವಂತೆ ಕಾನೂನು ಮಾಡುವ, ತೆರಿಗೆ ಎತ್ತುವ, ವ್ಯಾಜ್ಯ ತೀರಿಸುವ, ಬೇಕೆಂದಾಗ ಬಲ ಪ್ರಯೋಗಿಸುವ ಕೊನೆಯ ಅಧಿಕಾರ ಯಾವ ವ್ಯವಸ್ಥೆಯ ಕೈಯಲ್ಲಿದೆಯೋ ಅದು ಪ್ರಭುತ್ವ. ಕನ್ನಡದ ಪಠ್ಯಪುಸ್ತಕಗಳು ಇದನ್ನು ರಾಜ್ಯ ಎಂದೂ ಕರೆಯುತ್ತವೆ. ಕರ್ನಾಟಕ, ಕೇರಳದಂಥ ಘಟಕ ರಾಜ್ಯಗಳೊಡನೆ ಗೊಂದಲವಾಗದಿರಲೆಂದು ಇಲ್ಲಿ ಪ್ರಭುತ್ವ ಎಂದೇ ಬಳಸಿದೆ. ಪ್ರಭುತ್ವದ ಹೆಸರಿನಲ್ಲಿ ಒಂದು ಅವಧಿಗೆ ಆಡಳಿತ ನಡೆಸುವವರ ಕೂಟ ಸರ್ಕಾರ. ಸರ್ಕಾರ ಬೀಳುತ್ತದೆ, ಬದಲಾಗುತ್ತದೆ; ಪ್ರಭುತ್ವ ಸಾಮಾನ್ಯವಾಗಿ ಉಳಿಯುತ್ತದೆ.

ಈ ವ್ಯತ್ಯಾಸ ಬೆಲ್ಜಿಯಂನಲ್ಲಿ ನಿಚ್ಚಳವಾಗಿ ಕಂಡಿತು. 2010ರ ಜೂನ್ 13ರ ಚುನಾವಣೆಯ ನಂತರ ಪಕ್ಷಗಳು ಒಮ್ಮತಕ್ಕೆ ಬರಲಾಗದೆ 541 ದಿನ ಅಲ್ಲಿ ಪೂರ್ಣ ಪ್ರಮಾಣದ ಸರ್ಕಾರ ರಚನೆಯಾಗಲಿಲ್ಲ. ಉಸ್ತುವಾರಿ ಮಂತ್ರಿಮಂಡಲ ದಿನದ ಕೆಲಸ ನೋಡಿಕೊಂಡಿತು. ಶಾಲೆಗಳು ನಡೆದವು, ತೆರಿಗೆ ಸಂಗ್ರಹವಾಯಿತು, ಪಿಂಚಣಿ ಸಂದಾಯವಾಯಿತು. ಸೊಮಾಲಿಯದ ಅನುಭವ ಬೇರೆ. 1991ರ ಜನವರಿಯಲ್ಲಿ ಸಿಯಾದ್ ಬರ್ರೆಯ ಆಳ್ವಿಕೆ ಮುರಿದುಬಿದ್ದಾಗ ಪೊಲೀಸು, ನ್ಯಾಯಾಲಯ, ಖಜಾನೆ ಎಲ್ಲವೂ ಜತೆಗೇ ಕುಸಿದವು. ವಿಶ್ವಸಂಸ್ಥೆಯಲ್ಲಿ ದೇಶದ ಹೆಸರು ಉಳಿಯಿತು, ಮೊಗದಿಶುವಿನ ಬೀದಿಗಳಲ್ಲಿ ಮಾತ್ರ ಪ್ರಭುತ್ವವೆಂಬುದು ಇರಲಿಲ್ಲ. ಬಂದೂಕು ಯಾರ ಬಳಿಯಿತ್ತೋ ಬೀದಿ ಅವರದಾಯಿತು.

ನೆಲ, ಜನ, ಮಾನ್ಯತೆ

ಪ್ರಭುತ್ವದ ಲಕ್ಷಣಗಳನ್ನು ಅಂತರರಾಷ್ಟ್ರೀಯ ಕಾನೂನು ಮೊದಲು ಖಚಿತವಾಗಿ ಬರೆದಿಟ್ಟದ್ದು ಉರುಗ್ವೆಯ ಮಾಂಟೆವಿಡಿಯೊದಲ್ಲಿ, 1933ರ ಡಿಸೆಂಬರ್ 26ರಂದು ಅಮೆರಿಕ ಖಂಡದ ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ. ಸ್ಥಿರವಾಗಿ ನೆಲೆಸಿದ ಜನ, ಗೊತ್ತಾದ ಎಲ್ಲೆ, ಸರ್ಕಾರ, ಇತರ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ ಈ ನಾಲ್ಕು ಇರಬೇಕು ಎಂದು ಅದು ಹೇಳಿತು. ಗಾತ್ರ ಲೆಕ್ಕಕ್ಕಿಲ್ಲ. ಅರ್ಧ ಚದರ ಕಿಲೋಮೀಟರೂ ಇಲ್ಲದ ವ್ಯಾಟಿಕನ್ ನಗರ ಸಾರ್ವಭೌಮ ಪ್ರಭುತ್ವ. 2.3 ಕೋಟಿಗೂ ಹೆಚ್ಚು ಜನ, ಸ್ವಂತ ಸೈನ್ಯ, ಸ್ವಂತ ನಾಣ್ಯ, ನಿಯಮಿತ ಚುನಾವಣೆ ಎಲ್ಲವೂ ಇರುವ ತೈವಾನಿಗೆ ಮಾನ್ಯತೆ ಕೊಟ್ಟಿರುವ ದೇಶಗಳು ಬೆರಳೆಣಿಕೆಯಷ್ಟು; 1971ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಚೀನಾ ಪೀಠ ಬೀಜಿಂಗ್ ಪಾಲಾದ ಮೇಲೆ ಅದಕ್ಕೆ ಆ ಸಂಸ್ಥೆಯಲ್ಲಿ ಜಾಗವಿಲ್ಲ. 1991ರ ಮೇ ತಿಂಗಳಲ್ಲಿ ಸೊಮಾಲಿಯದಿಂದ ಬೇರೆಯಾದೆನೆಂದು ಘೋಷಿಸಿಕೊಂಡ ಸೊಮಾಲಿಲ್ಯಾಂಡ್ ತನ್ನ ಆಡಳಿತವನ್ನು ತಾನೇ ನಡೆಸಿಕೊಂಡು ಬಂದಿದ್ದರೂ ಜಗತ್ತಿನ ಬಹುಪಾಲು ದೇಶಗಳ ಭೂಪಟದಲ್ಲಿ ಅದಕ್ಕೆ ಎಲ್ಲೆಯಿಲ್ಲ. ಪ್ರಭುತ್ವವಾಗಲು ಒಳಗಿನ ಹಿಡಿತ ಎಷ್ಟು ಬೇಕೋ ಹೊರಗಿನವರ ಒಪ್ಪಿಗೆಯೂ ಅಷ್ಟೇ ಬೇಕು. ಆ ಒಪ್ಪಿಗೆ ನ್ಯಾಯಕ್ಕಿಂತ ಹೆಚ್ಚಾಗಿ ಬಲಾಢ್ಯ ದೇಶಗಳ ಹಿತವನ್ನು ನೋಡಿ ಬರುತ್ತದೆ. ವಿಶ್ವಸಂಸ್ಥೆಯಲ್ಲಿ ಈಗ 193 ಸದಸ್ಯ ದೇಶಗಳಿವೆ. ಕೊನೆಯದಾಗಿ ಸೇರಿದ್ದು ದಕ್ಷಿಣ ಸುಡಾನ್, 2011ರಲ್ಲಿ.

ಚಿಂತನೆಯ ಹಾದಿ

ಪ್ರಭುತ್ವವನ್ನು ಅಂಗಾಂಗಗಳಾಗಿ ಬಿಡಿಸಿ ನೋಡಿದ ಅತಿ ಹಳೆಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಒಂದು. ಹೆಸರಷ್ಟೇ ಉಳಿದು ಕಳೆದುಹೋಗಿದೆ ಎಂದುಕೊಂಡಿದ್ದ ಈ ಕೃತಿ ಮತ್ತೆ ಬೆಳಕು ಕಂಡದ್ದು ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಭಾರತೀಯರಿಗೆ ರಾಜ್ಯಚಿಂತನೆಯ ಪರಂಪರೆಯೇ ಇಲ್ಲವೆನ್ನುತ್ತಿದ್ದ ವಸಾಹತು ಕಾಲದ ವಾದ ಆ ಒಂದು ಕಟ್ಟಿನಿಂದ ಬಿದ್ದುಹೋಯಿತು.

ಕೌಟಿಲ್ಯನ ಎಣಿಕೆಯಲ್ಲಿ ರಾಜ್ಯಕ್ಕೆ ಏಳು ಅಂಗ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಈ ಸಾಲಿನಲ್ಲಿ ಮುಂದಿರುವ ಅಂಗಕ್ಕೆ ಬಂದ ಕೇಡು ಹಿಂದಿರುವುದಕ್ಕೆ ಬಂದ ಕೇಡಿಗಿಂತ ದೊಡ್ಡದು ಎಂಬುದು ಅವನ ನಿಲುವು. ದಂಡ, ಅಂದರೆ ಸೈನ್ಯಬಲ, ಆರನೆಯದು. ಅದಕ್ಕಿಂತ ಮೊದಲು ಆಡಳಿತಗಾರರು, ನೆಲ ಮತ್ತು ಜನ, ಖಜಾನೆ ಬರುತ್ತವೆ. ಕಠೋರ ಎಂದು ಹೆಸರಾದ ಚಿಂತಕನೊಬ್ಬ ಬಲವನ್ನು ಇಷ್ಟು ಕೆಳಗಿಟ್ಟದ್ದನ್ನು ಗಮನಿಸಬೇಕು.

ಕನ್ನಡ ನೆಲದಲ್ಲಿ ಇದೇ ಪ್ರಶ್ನೆಗೆ ಸಿಕ್ಕ ಒಂದು ಉತ್ತರ ಕಲ್ಲಿನ ಮೇಲಿದೆ. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಹಿಂದಿನ ಪೊರಿಗೆರೆ. ಅಲ್ಲಿಯ ಮಹಾಜನರಿಗೂ ಪ್ರಜೆಗಳಿಗೂ ಬಾದಾಮಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಸುಮಾರು 725ರಲ್ಲಿ ಹಾಕಿಕೊಟ್ಟ ಆಚಾರವ್ಯವಸ್ಥೆ ಶಾಸನದಲ್ಲಿ ರಾಜಪುರುಷರು ಏನನ್ನು ಕಾಪಾಡಬೇಕು, ಊರವರು ಏನನ್ನು ಸಲ್ಲಿಸಬೇಕು ಎಂಬ ಎರಡೂ ಕಡೆಯ ಕಟ್ಟುಪಾಡುಗಳಿವೆ. ಮನೆಗಳು ಅಂತಸ್ತಿಗೆ ತಕ್ಕಂತೆ ತೆರಬೇಕಾದ ತೆರಿಗೆಯೂ ಅದರಲ್ಲಿ ನಮೂದಾಗಿದೆ. ಆಳುವವನು ತನ್ನ ಅಧಿಕಾರಿಗಳ ಕೈಯನ್ನೂ ಬರವಣಿಗೆಯಲ್ಲಿ ಕಟ್ಟಿಹಾಕಿಕೊಂಡ ಈ ದಾಖಲೆ ಸಂವಿಧಾನವಲ್ಲ ನಿಜ. ಆದರೂ ಪ್ರಭುತ್ವದ ಮೇಲೆ ಮಾತಿನ ಹೊರೆ ಹೊರಿಸುವ ಅಭ್ಯಾಸ ಈ ನೆಲಕ್ಕೆ ಪರದೇಶದಿಂದ ಬಂದದ್ದಲ್ಲ ಎನ್ನಲು ಅದೊಂದೇ ಸಾಕು.

ಯುರೋಪಿನ ಚಿಂತನೆ ಬಹಳಷ್ಟು ಜನಕ್ಕೆ ಪರಿಚಿತ. ಫ್ರಾನ್ಸಿನ ಬೊದಾಂ 1576ರಲ್ಲಿ ಸಾರ್ವಭೌಮತ್ವವನ್ನು ಅವಿಭಾಜ್ಯವೆಂದು ವಿವರಿಸಿದ. 1648ರ ವೆಸ್ಟ್‌ಫೇಲಿಯ ಒಪ್ಪಂದಗಳ ನಂತರ ಒಬ್ಬ ದೊರೆಯ ಎಲ್ಲೆಯೊಳಗೆ ಇನ್ನೊಬ್ಬ ಕೈಹಾಕಬಾರದೆಂಬ ತತ್ವ ನಿಧಾನಕ್ಕೆ ಬೇರೂರಿತು. ಒಳಯುದ್ಧದ ಭಯ ಕಂಡಿದ್ದ ಹಾಬ್ಸ್ 1651ರಲ್ಲಿ ಜನ ಪ್ರಾಣಭಯದಿಂದ ಪಾರಾಗಲು ಎಲ್ಲ ಅಧಿಕಾರವನ್ನೂ ಒಬ್ಬನ ಕೈಗೆ ಒಪ್ಪಿಸುತ್ತಾರೆ ಎಂದ. ಒಪ್ಪಿಸಿದ್ದನ್ನು ಹಿಂದಕ್ಕೆ ಪಡೆಯಬಹುದು ಎಂದು ಲಾಕ್ 1689ರಲ್ಲಿ ವಾದಿಸಿದ. ರೂಸೋ 1762ರಲ್ಲಿ ಸಾರ್ವಭೌಮತ್ವವನ್ನು ಜನತೆಯ ಇಚ್ಛೆಯಲ್ಲೇ ನೆಲೆಗೊಳಿಸಿದ. ಮಾರ್ಕ್ಸ್, ಎಂಗೆಲ್ಸ್ ಪ್ರಭುತ್ವದಲ್ಲಿ ಒಡೆಯ ವರ್ಗದ ಆಯುಧವನ್ನು ಕಂಡರು. 1919ರಲ್ಲಿ ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳೆದುರು ಮಾತಾಡಿದ ಮ್ಯಾಕ್ಸ್ ವೆಬರ್, ಒಂದು ಪ್ರದೇಶದಲ್ಲಿ ನ್ಯಾಯಸಮ್ಮತವಾಗಿ ಬಲ ಪ್ರಯೋಗಿಸುವ ಏಕಸ್ವಾಮ್ಯ ತನ್ನದೆಂದು ಯಶಸ್ವಿಯಾಗಿ ಸಾಧಿಸಿಕೊಂಡ ಸಮುದಾಯವೇ ಪ್ರಭುತ್ವ ಎಂದು ವ್ಯಾಖ್ಯಾನಿಸಿದರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಈ ವ್ಯಾಖ್ಯೆ.

ತಲುಪುವ ಶಕ್ತಿ

ವೆಬರ್ ಮಾತಿಗೆ ಬಹಳ ಬೇಕಾಗಿದ್ದ ಪೂರಕವನ್ನು 1984ರಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಮ್ಯಾನ್ ಒದಗಿಸಿದರು. ಪ್ರಭುತ್ವಕ್ಕೆ ಎರಡು ಬಗೆಯ ಶಕ್ತಿ ಇರುತ್ತದೆ: ಯಾರನ್ನೂ ಕೇಳದೆ ಅಪ್ಪಣೆ ಮಾಡುವ ಶಕ್ತಿ ಒಂದು, ಮಾಡಿದ ಅಪ್ಪಣೆಯನ್ನು ನಾಡಿನ ಮೂಲೆಮೂಲೆಗೆ ತಲುಪಿಸಿ ಜಾರಿ ಮಾಡುವ ಶಕ್ತಿ ಇನ್ನೊಂದು. ಹಳೆಯ ಚಕ್ರವರ್ತಿಗಳಿಗೆ ಮೊದಲನೆಯದು ಹೇರಳವಾಗಿತ್ತು. ಯಾರ ತಲೆಯನ್ನಾದರೂ ತೆಗೆಸಬಹುದಿತ್ತು. ಹೊನ್ನಾಳಿಯ ಒಂದು ಹೊಲದಲ್ಲಿ ಈ ಸಲ ರಾಗಿ ಬಿತ್ತಿದ್ದಾರೋ ಜೋಳ ಬಿತ್ತಿದ್ದಾರೋ ಅವರಿಗೆ ತಿಳಿಯುತ್ತಿರಲಿಲ್ಲ. ಇವತ್ತಿನ ಪ್ರಜಾಪ್ರಭುತ್ವದ ಸರ್ಕಾರಕ್ಕೆ ತಲೆ ತೆಗೆಸುವ ಹಕ್ಕಿಲ್ಲ, ಆದರೆ ಆ ಬೆಳೆಯ ಹೆಸರು ಅದರ ಕಂಪ್ಯೂಟರಿನಲ್ಲಿದೆ. ನೌಕರನ ಆದಾಯ ತೆರಿಗೆಯನ್ನು ಸಂಬಳ ಅವನ ಕೈ ಸೇರುವ ಮುನ್ನವೇ ಅದು ಮುರಿದುಕೊಳ್ಳುತ್ತದೆ. ಪ್ರಭುತ್ವದ ಶಕ್ತಿಯೆಂದರೆ ಲಾಠಿ, ಬಂದೂಕು, ಸೆರೆಮನೆ ಎಂದು ನೋಡುವವರು ಅದರ ಹೆಚ್ಚಿನ ಪಾಲನ್ನು ಕಾಣದೆ ಹೋಗುತ್ತಾರೆ. ಪ್ರಜೆಯನ್ನು ಪ್ರಭುತ್ವ ದಿನನಿತ್ಯ ಮುಟ್ಟುವುದು ಕಡತದ ಮೂಲಕ, ಕಡತದಲ್ಲಿ ಹೆಸರು ಇರುವುದರ ಅಥವಾ ಇಲ್ಲದಿರುವುದರ ಮೂಲಕ.

ಮೈಸೂರಿನ ಇತಿಹಾಸದಲ್ಲಿ ಈ ಎರಡೂ ಶಕ್ತಿಗಳ ತಾಕಲಾಟವನ್ನು ಹೆಜ್ಜೆಹೆಜ್ಜೆಗೂ ಗುರುತಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯ ವಸೂಲಿಗೆ ಶರತ್ತಿನ ಪದ್ಧತಿ ಇತ್ತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಒಪ್ಪಿಕೊಂಡರೆ ಸಾಕು, ಅದನ್ನು ರೈತರಿಂದ ಹೇಗೆ ಹಿಂಡಿದನೆಂದು ಅರಮನೆ ನೋಡುತ್ತಿರಲಿಲ್ಲ. ಹೊಲದ ನಿಜವಾದ ಇಳುವರಿ ಅರಮನೆಗೆ ಗೊತ್ತಿಲ್ಲದ ಕಡೆ ವಸೂಲಿ ಎಂದರೆ ಹಿಂಡುವುದೇ ಆಗುತ್ತದೆ. 1830–31ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ದಂಗೆಯನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಅರಸರಿಗೆ ಅದು ಮರಳಿ ಬರಲು 1881ರವರೆಗೆ ಕಾಯಬೇಕಾಯಿತು. ಆ ಐವತ್ತು ವರ್ಷಗಳಲ್ಲಿ ಕಮಿಷನರುಗಳು ಸೈನ್ಯಕ್ಕಿಂತ ಹೆಚ್ಚಾಗಿ ನೆಚ್ಚಿದ್ದು ರಸ್ತೆ, ಅಂಚೆ, ಕಚೇರಿ, ಸರ್ವೆ ಸರಪಳಿಗಳನ್ನು. ಸರ್ವೆ ನಂಬರು ಬಿದ್ದ ಹೊಲ ಪ್ರಭುತ್ವದ ಕಣ್ಣಿಗೆ ಮೊದಲ ಬಾರಿಗೆ ಬಿಡಿಬಿಡಿಯಾಗಿ ಕಂಡಿತು.

ಊರಿನ ಮಟ್ಟದಲ್ಲಿ ಈ ಕಣ್ಣು ಶಾನುಭೋಗನದು. ಲೆಕ್ಕ ಅವನ ಮನೆಯಲ್ಲಿ, ಬರಹ ಅವನ ಕೈಯಲ್ಲಿ, ಆ ಹುದ್ದೆ ಅವನ ಮಗನಿಗೆ. ವಸೂಲಿ ಪಟೇಲನದು. ಅಕ್ಷರ ಬಾರದ ರೈತನಿಗೆ ಶಾನುಭೋಗನ ದಪ್ತರದಲ್ಲಿ ತನ್ನ ಹೆಸರಿನ ಮುಂದೆ ಏನಿದೆಯೆಂದು ಪರೀಕ್ಷಿಸುವ ದಾರಿ ಇರಲಿಲ್ಲ. ವಂಶಪಾರಂಪರ್ಯವಾದ ಈ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಒಂದು ಪಹಣಿಯನ್ನು ಹತ್ತಿರದಿಂದ ನೋಡಿದರೆ ಈ ಶಕ್ತಿ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಒಂಬತ್ತನೇ ಕಾಲಂನಲ್ಲಿ ಜಮೀನಿನ ಸ್ವಾಧೀನದಾರನ ಹೆಸರು. ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ, ಅಂದರೆ ಸೊಸೈಟಿ ಸಾಲವೋ ಬ್ಯಾಂಕಿನ ಅಡಮಾನವೋ. ಹನ್ನೆರಡರಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ, ಯಾವ ಬೆಳೆ ಎಂಬ ವಿವರ. ಕಂದಾಯ ಕಾಯ್ದೆಯ ಪ್ರಕಾರ ಸುಳ್ಳೆಂದು ಸಾಬೀತಾಗುವವರೆಗೂ ಈ ನಮೂದು ನಿಜವೆಂದೇ ಲೆಕ್ಕ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುವವನು ಅಧಿಭೋಗದಾರಿಕೆ ಕೇಳಿ ಭೂನ್ಯಾಯಮಂಡಳಿಗೆ ಏಳನೇ ನಮೂನೆಯ ಅರ್ಜಿ ಹಾಕಬಹುದೆಂದಾದಾಗ ಎಲ್ಲರ ಕಣ್ಣೂ ಆ ಹನ್ನೆರಡನೇ ಕಾಲಂ ಮೇಲೆ ನೆಟ್ಟಿತು. ಅಲ್ಲಿ ಹೆಸರಿದ್ದ ಗೇಣಿದಾರನಿಗೆ ಭೂಮಿ ಸಿಗುವ ಹಾದಿ ಸಲೀಸಾಯಿತು. ತಲೆಮಾರುಗಳಿಂದ ಉತ್ತಿದ್ದರೂ ಬಾಯಿಮಾತಿನ ಗೇಣಿಯಲ್ಲಿದ್ದು ಹೆಸರೇ ದಾಖಲಾಗದವನು ನೆರೆಹೊರೆಯ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ‘ಏಳನೇ ಫಾರಂ’ ಎಂಬ ಮಾತು ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಇಂದಿಗೂ ಜಮೀನು ಬಂದ ಅಥವಾ ಹೋದ ಕಾಲವನ್ನು ಸೂಚಿಸುತ್ತದೆ.

ಈ ಕಾಯ್ದೆಯ ಹಿಂದೆ 1951ರ ಕಾಗೋಡು ಸತ್ಯಾಗ್ರಹವಿದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ದೀವರ ಗೇಣಿದಾರರು ಎತ್ತಿದ ತಕರಾರುಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ್ದೂ ಒಂದು: ಒಡೆಯರ ಕೊಳಗ ದೊಡ್ಡದು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಬೆಳೆದ ಹೋರಾಟಕ್ಕೆ ಬೆಂಬಲವಾಗಿ ಬಂದ ರಾಮಮನೋಹರ ಲೋಹಿಯಾ ಅಲ್ಲಿ ಬಂಧಿತರಾದರು. ಪ್ರಭುತ್ವದ ಏಕರೂಪದ ಅಳತೆ ತಲುಪದ ಕಡೆ ಬಲಾಢ್ಯನ ಅಳತೆಯೇ ಕಾನೂನಾಗುತ್ತದೆ. ಪ್ರಭುತ್ವ ಹಿಂದೆ ಸರಿದರೆ ಜನ ತಾವಾಗಿ ಸ್ವತಂತ್ರರಾಗುತ್ತಾರೆ ಎನ್ನುವವರು ಈ ಕೊಳಗವನ್ನು ನೆನಪಿಡಬೇಕು.

ಎಣಿಕೆಯಿಂದ ನ್ಯಾಯ ದೊರೆತ ಉದಾಹರಣೆಯೂ ಮೈಸೂರಿನದೇ. ಸರ್ಕಾರಿ ನೌಕರಿಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆಂಬ ಲೆಕ್ಕ ಮುಂದಿಟ್ಟು ಪ್ರಜಾಮಿತ್ರ ಮಂಡಲಿಯವರು ಅಹವಾಲು ಸಲ್ಲಿಸಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡುವ ನೀತಿ ಅದರಿಂದ ಹುಟ್ಟಿತು. ಲೆಕ್ಕವಿಲ್ಲದೆ ಆ ಅಹವಾಲಿಗೆ ಬಾಯಿಯೇ ಇರುತ್ತಿರಲಿಲ್ಲ. ನಮ್ಮ ಕಾಲದ ಪೋಲಿಯೊ ಅಭಿಯಾನವನ್ನೂ ಹೀಗೆಯೇ ನೋಡಬೇಕು. ಹನಿ ಹಾಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು ಬರೆಯುತ್ತಾ ಆರೋಗ್ಯ ಕಾರ್ಯಕರ್ತೆಯರು ಮನೆಮನೆ ಸುತ್ತಿದರು. 2011ರ ಜನವರಿಯ ನಂತರ ದೇಶದಲ್ಲಿ ಹೊಸ ಪ್ರಕರಣ ಬರಲಿಲ್ಲ, 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ಬಲ ಪ್ರಯೋಗದಿಂದ ಆಗುವ ಕೆಲಸ ಇದಲ್ಲ.

ಈಸೂರು, 1942

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು ಕೆಲವು ದಿನಗಳ ಮಟ್ಟಿಗೆ ತಾನೇ ಪ್ರಭುತ್ವವಾಯಿತು. ಕ್ವಿಟ್ ಇಂಡಿಯಾ ಚಳವಳಿಯ ಆ ಸೆಪ್ಟೆಂಬರ್‌ನಲ್ಲಿ ಕಂದಾಯ ವಸೂಲಿಗೆಂದು ಬಂದ ಶಾನುಭೋಗ, ಪಟೇಲರ ಕೈಯಿಂದ ಊರವರು ಮೊದಲು ಕಿತ್ತುಕೊಂಡದ್ದು ಲೆಕ್ಕದ ಪುಸ್ತಕಗಳನ್ನು. ಬೇಜವಾಬ್ದಾರಿ ಸರ್ಕಾರದ ನೌಕರರಿಗೆ ಊರೊಳಗೆ ಪ್ರವೇಶವಿಲ್ಲವೆಂದು ಫಲಕ ಹಾಕಿದರು. ಆಮೇಲೆ ತಮ್ಮದೇ ಸರ್ಕಾರ ಘೋಷಿಸಿ ಇಬ್ಬರು ಎಳೆಯ ಹುಡುಗರಲ್ಲಿ ಒಬ್ಬನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿಯೂ ನೇಮಿಸಿದರು. ಮಕ್ಕಳನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅದರಲ್ಲಿತ್ತು. ರಾಜ್ಯಶಾಸ್ತ್ರ ಓದದ ಈ ಹಳ್ಳಿಗರು ಪ್ರಭುತ್ವವನ್ನು ಎರಡೇ ಹುದ್ದೆಗಳಲ್ಲಿ ಹಿಡಿದಿದ್ದರು: ಲೆಕ್ಕದ ಅಮಲ್ದಾರ, ಬಲದ ಪೊಲೀಸು.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಪೊಲೀಸರೊಡನೆ ಬಂದಾಗ ನಡೆದ ಘರ್ಷಣೆಯಲ್ಲಿ ಆ ಇಬ್ಬರೂ ಹತರಾದರು. ಮುಂದೆ ಪಡೆ ನುಗ್ಗಿತು, ಊರು ಲೂಟಿಯಾಯಿತು, ಮನೆಗಳು ಸುಟ್ಟವು, ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು. ತನ್ನ ಕಡತವೂ ಬಲವೂ ಒಟ್ಟಿಗೆ ಪ್ರಶ್ನೆಗೊಳಗಾದಾಗ ಪ್ರಭುತ್ವ ಎಷ್ಟು ನಿರ್ದಯವಾಗಬಲ್ಲುದೆಂದು ಕನ್ನಡನಾಡು ಅಲ್ಲಿ ಕಂಡಿತು. ಜನರಿಗೆ ಉತ್ತರ ಹೇಳಬೇಕಾದ ಜವಾಬ್ದಾರಿ ಸರ್ಕಾರ ಮೈಸೂರಿಗೆ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ಸ್ವಾತಂತ್ರ್ಯದ ನಂತರವೂ ‘ಮೈಸೂರು ಚಲೋ’ ಚಳವಳಿ ನಡೆದ ಮೇಲೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು 144 ಸದಸ್ಯರೊಡನೆ ಆರಂಭಿಸಿದ್ದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು, ಸರ್ಕಾರವನ್ನು ಇಳಿಸುವ ಅಧಿಕಾರ ಇರಲಿಲ್ಲ.

ಸಂವಿಧಾನದ ಕಡಿವಾಣ

ಭಾರತದ ಸಂವಿಧಾನ ಪ್ರಭುತ್ವವನ್ನು ಕಟ್ಟುತ್ತಲೇ ಅದಕ್ಕೆ ಕಡಿವಾಣವನ್ನೂ ಹಾಕಿತು. 12ನೇ ವಿಧಿಯ ಪ್ರಕಾರ ಮೂಲಭೂತ ಹಕ್ಕುಗಳ ಮಟ್ಟಿಗೆ ಪ್ರಭುತ್ವವೆಂದರೆ ಕೇಂದ್ರ ಸರ್ಕಾರ ಮತ್ತು ಸಂಸತ್ತು, ರಾಜ್ಯಗಳ ಸರ್ಕಾರ ಮತ್ತು ಶಾಸನಸಭೆಗಳು, ಸ್ಥಳೀಯ ಹಾಗೂ ಇತರ ಪ್ರಾಧಿಕಾರಗಳು. ಹಾಗಾಗಿ ಹಕ್ಕು ಮೊಟಕಾದ ಪ್ರಜೆ ಊರಿನ ಪುರಸಭೆಯನ್ನೂ ಉಚ್ಚ ನ್ಯಾಯಾಲಯಕ್ಕೆ ಎಳೆಯಬಹುದು. ಹಕ್ಕುಗಳಿಗೆ ವಿರುದ್ಧವಾದ ಕಾನೂನು ಊರ್ಜಿತವಲ್ಲ ಎನ್ನುವುದು 13ನೇ ವಿಧಿ. ಕಾನೂನಿನ ಆಧಾರವಿಲ್ಲದೆ ತೆರಿಗೆ ಎತ್ತಬಾರದೆಂದು 265ನೇ ವಿಧಿ. ಆದರೆ ಇದೇ ಸಂವಿಧಾನ ವಸಾಹತು ಆಡಳಿತದಿಂದ ಬಂದ ಹಲವು ಕಠಿಣ ಅಧಿಕಾರಗಳನ್ನೂ ಉಳಿಸಿಕೊಂಡಿತು: ಮುನ್ನೆಚ್ಚರಿಕೆಯ ಬಂಧನ, ತುರ್ತು ಪರಿಸ್ಥಿತಿ, ರಾಷ್ಟ್ರಪತಿ ಆಳ್ವಿಕೆ. ಕಡಿವಾಣ ಬಿಗಿಯಾದದ್ದು ಪಠ್ಯದಿಂದ ಅಷ್ಟಾಗಿ ಅಲ್ಲ, ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದವರಿಂದ. ಅವರಲ್ಲಿ ಮೂವರು ಕನ್ನಡಿಗರು.

ಮೊದಲನೆಯವರು ಕಾಸರಗೋಡು ಸಮೀಪದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಮಠದ ಜಮೀನಿಗೆ ಕುತ್ತು ತಂದ ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ 1970ರಲ್ಲಿ ಅವರು ಅರ್ಜಿ ಹಾಕಿದರು. ವಾದ ನಾನಿ ಪಾಲ್ಖಿವಾಲಾ ಅವರ ಬಾಯಲ್ಲಿ ಬೆಳೆಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬಲ್ಲಿಗೆ ಬಂದು ನಿಂತಿತು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂವಿಧಾನದ ಮೂಲ ಸಂರಚನೆಯನ್ನು ಯಾವ ತಿದ್ದುಪಡಿಯೂ ಕೆಡಿಸುವಂತಿಲ್ಲ ಎಂದಿತು. ಮಠಕ್ಕೆ ಜಮೀನಿನ ವಿಷಯದಲ್ಲಿ ಲಾಭವಾಗಲಿಲ್ಲ. ಭೂಹೀನರ ಪರವಾದ ಕಾಯ್ದೆಯೊಂದನ್ನು ವಿರೋಧಿಸಿ ಹೂಡಿದ ದಾವೆ ದೇಶದ ಎಲ್ಲರ ಹಕ್ಕಿಗೂ ಕಾವಲಾಯಿತು. ಯಕ್ಷಗಾನವನ್ನು ಪ್ರೀತಿಸಿ ಪೋಷಿಸಿದ ಸ್ವಾಮೀಜಿಯ ಹೆಸರು ಕಾನೂನು ವಿದ್ಯಾರ್ಥಿಗಳ ನಾಲಗೆಯ ಮೇಲೆ ನಿಂತಿತು.

ಎರಡು ವರ್ಷ ತುಂಬುತ್ತಿದ್ದಂತೆ ತುರ್ತು ಪರಿಸ್ಥಿತಿ ಬಂತು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಅಪ್ಪಣೆ ಮಾಡುವ ಶಕ್ತಿಗೆ ಎದುರಾಡುವವರು ಇಲ್ಲದಂತಾಯಿತು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಇಲ್ಲಿಯೇ ಬಂಧಿಸಿ ಸೆರೆಮನೆಗೆ ಕಳಿಸಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಅಸ್ತಮಾದಿಂದ ನರಳಿ, ಹೊರಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದ್ದವು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು 4–1ರಲ್ಲಿ ಅದನ್ನು ತಳ್ಳಿಹಾಕಿತು. ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ನೇರ ಪ್ರಶ್ನೆ ಕೇಳಿದರು: ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಸರ್ಕಾರದ ಪರ ವಕೀಲರ ಉತ್ತರ. ಪ್ರಭುತ್ವದ ಸ್ವರೂಪ ಇಷ್ಟು ಬೆತ್ತಲೆಯಾಗಿ ನ್ಯಾಯಾಲಯದಲ್ಲಿ ನುಡಿದ ಸಂದರ್ಭ ಇನ್ನೊಂದಿಲ್ಲ. ಭಿನ್ನ ತೀರ್ಪು ಬರೆದ ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿತು. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಅಮಾನತಿನಲ್ಲಿಡುವಂತಿಲ್ಲ ಎಂದು ಬರೆಯಿತು.

ಎರಡನೆಯವರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ದಾರಿ ತಪ್ಪಿಸಿ ಪಡೆದರೆಂದು ಮರುಪತ್ರ ಬರೆದರು. ಸದನದಲ್ಲೇ ಬಹುಮತ ಸಾಬೀತು ಮಾಡುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ಬಹುಮತದ ಪರೀಕ್ಷೆ ರಾಜಭವನದಲ್ಲಿ ನಡೆಯತಕ್ಕದ್ದಲ್ಲ, ಸದನದಲ್ಲಿ ನಡೆಯಬೇಕು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು ಅದು ಹೇಳಿತು. ಕರ್ನಾಟಕದ ವಜಾ ಅಸಾಂವಿಧಾನಿಕವೆಂದು ತೀರ್ಮಾನವಾಯಿತು, ಆದರೆ ಆ ವಿಧಾನಸಭೆ ಅಷ್ಟರಲ್ಲಿ ಇತಿಹಾಸ ಸೇರಿತ್ತು. ಅದಕ್ಕೆ ಮುನ್ನ ತೊಂಬತ್ತಕ್ಕೂ ಹೆಚ್ಚು ಸಲ ಬಳಕೆಯಾಗಿದ್ದ ಆ ವಿಧಿ ಈ ತೀರ್ಪಿನ ನಂತರ ಬಹಳ ಅಪರೂಪವಾಯಿತು. ಮೂರನೆಯವರ ಮಾತು ಮುಂದೆ ಬರುತ್ತದೆ.

ಪ್ರಭುತ್ವದೊಳಗಿನ ಪಾಲು

ಒಕ್ಕೂಟ ವ್ಯವಸ್ಥೆಯಲ್ಲಿ ಪ್ರಭುತ್ವದ ಅಧಿಕಾರ ಒಂದೇ ಕಡೆ ಇರುವುದಿಲ್ಲ. ಏಳನೇ ಅನುಸೂಚಿಯ ಮೂರು ಪಟ್ಟಿಗಳು ಅದನ್ನು ಕೇಂದ್ರಕ್ಕೂ ರಾಜ್ಯಗಳಿಗೂ ಹಂಚಿವೆ. ಹಂಚಿಕೆಯ ಗಡಿ ಎಲ್ಲಿದೆಯೆಂದು ಕರ್ನಾಟಕ 1991ರಲ್ಲಿ ಕಹಿಯಾಗಿ ಕಲಿಯಿತು. ಕಾವೇರಿ ನ್ಯಾಯಮಂಡಳಿ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಸೇರುವಂತೆ ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ, ಬಂಗಾರಪ್ಪ ಸರ್ಕಾರ ಒಂದು ತಿಂಗಳಲ್ಲಿ ಅದನ್ನು ಮೀರುವ ಸುಗ್ರೀವಾಜ್ಞೆ ಹೊರಡಿಸಿತು. ನ್ಯಾಯಿಕ ಆದೇಶವನ್ನು ಶಾಸನದಿಂದ ಅಳಿಸಲಾಗದೆಂದು ಸುಪ್ರೀಂ ಕೋರ್ಟ್ ನವೆಂಬರ್ 22ರಂದು ಅಭಿಪ್ರಾಯ ಕೊಟ್ಟಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದ ಹಿಂಸೆ ಈ ನಾಡಿನ ನಾಚಿಕೆಯ ಪುಟ. ಬಲ ಪ್ರಯೋಗದ ಏಕಸ್ವಾಮ್ಯ ತನ್ನದೆನ್ನುವ ಪ್ರಭುತ್ವ ಗುಂಪುಗಳನ್ನು ತಡೆಯುವ ಮೂಲ ಕರ್ತವ್ಯದಲ್ಲಿ ಸೋತಿತು.

ಅಧಿಕಾರವನ್ನು ಕೆಳಕ್ಕೆ ಇಳಿಸಿದ ಪ್ರಯೋಗದಲ್ಲಿ ಮಾತ್ರ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಶೇಕಡ 25 ಸ್ಥಾನ ಮಹಿಳೆಯರಿಗೆ. ಜಿಲ್ಲೆಯ ಮುಖ್ಯ ಅಧಿಕಾರಿ ಚುನಾಯಿತ ಅಧ್ಯಕ್ಷರ ಕೆಳಗೆ ಕೆಲಸ ಮಾಡಬೇಕಾಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಆ ಮಂತ್ರಿ 1988ರಲ್ಲಿ ತೀರಿಕೊಂಡರು; 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ತಂದದ್ದು 1993ರಲ್ಲಿ.

ನೋಡುವ ಪ್ರಭುತ್ವ, ನೋಡಬೇಕಾದ ಪ್ರಜೆ

2000ದ ಸುಮಾರಿಗೆ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗನ ಮರ್ಜಿ ಕಾಯದೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುಲ್ಕ ಕಟ್ಟಿ ಪ್ರತಿ ಪಡೆಯುವಂತಾದದ್ದು ರೈತನಿಗೆ ದೊಡ್ಡ ಬಿಡುಗಡೆ. ಹಳೆಯ ತಪ್ಪು ನಮೂದುಗಳು ಹಾಗೆಯೇ ಕಂಪ್ಯೂಟರಿಗೂ ಹೋದವು, ತಿದ್ದಿಸುವ ಅಲೆದಾಟ ಉಳಿಯಿತು. 2010ರಲ್ಲಿ ಆಧಾರ್ ಬಂದ ಮೇಲೆ ಪ್ರಭುತ್ವದ ಲೆಕ್ಕಕ್ಕೆ ಪ್ರಜೆಯ ಬೆರಳು, ಕಣ್ಣುಗಳೂ ಸೇರಿದವು. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳಿನ ಗೆರೆ ಹೊಂದದೆ ಅಕ್ಕಿಗಾಗಿ ಮತ್ತೆ ಮತ್ತೆ ಸರತಿಯಲ್ಲಿ ನಿಲ್ಲುವವರು ಬಡವರೇ.

ಈ ವ್ಯವಸ್ಥೆಯನ್ನು 2012ರಲ್ಲಿ ಪ್ರಶ್ನಿಸಿದವರು ಆ ಮೂವರಲ್ಲಿ ಮೂರನೆಯವರಾದ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಪ್ರಭುತ್ವ ಆ ಹಕ್ಕನ್ನು ಮೊಟಕುಗೊಳಿಸುವುದಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕೈಗೊಂಡ ಕ್ರಮ ಉದ್ದೇಶವನ್ನು ಮೀರಬಾರದು. 1976ರ ಹೇಬಿಯಸ್ ಕಾರ್ಪಸ್ ತೀರ್ಪು ರದ್ದಾದದ್ದೂ ಅಂದೇ. ಆ ಹಳೆಯ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡ್ ತಮ್ಮ ತಂದೆಯ ತೀರ್ಪು ತಪ್ಪೆಂದು ಬರೆದರು. ಮರುವರ್ಷ ಆಧಾರ್ ಕಾಯ್ದೆಯನ್ನು ನ್ಯಾಯಾಲಯ 4–1ರಲ್ಲಿ ಎತ್ತಿಹಿಡಿಯಿತು, ಖಾಸಗಿ ಕಂಪನಿಗಳು ಅದನ್ನು ಬಳಸಲು ಅವಕಾಶ ಕೊಟ್ಟ ಭಾಗವನ್ನು ತೆಗೆದುಹಾಕಿತು.

ಪ್ರಜೆ ಪ್ರಭುತ್ವದ ಕಡತವನ್ನು ತಿರುಗಿ ನೋಡುವ ಹಕ್ಕಿನ ಕಥೆ ರಾಜಸ್ಥಾನದ್ದು. ಬರಪರಿಹಾರ ಕಾಮಗಾರಿಗಳಲ್ಲಿ ದುಡಿದು ಪೂರ್ತಿ ಕೂಲಿ ಸಿಗದ ಹಳ್ಳಿಗರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಜತೆಗೂಡಿ ಹಾಜರಿ ಪಟ್ಟಿ ತೋರಿಸಿ ಎಂದು ಕೇಳಿದರು. 1994ರಿಂದ ನಡೆದ ಜನಸುನವಾಯಿಗಳಲ್ಲಿ ಆ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದಾಗ ಸತ್ತವರ, ಊರು ಬಿಟ್ಟವರ ಹೆಸರಿನಲ್ಲಿ ಹಣ ಹೋದದ್ದು ಹೊರಬಿತ್ತು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬರಲು ಈ ಚಳವಳಿ ಮುಖ್ಯ ಕಾರಣ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಎರಡೂ ಕಥೆಗಳನ್ನು ಒಂದೆಡೆ ತಂದಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಗಳ ಹೆಸರಿನಲ್ಲಿ ತನ್ನದೇ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಲು ಅದು ಕೇಂದ್ರ ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಅದರ 44ನೇ ಕಲಂ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪವಿಧಿಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತಕ್ಕಾಗಿ ಕೊಡಬೇಕೆನ್ನುವ ಮಾತನ್ನು ಅಲ್ಲಿಂದ ತೆಗೆದಿದೆ. ಹಾಜರಿ ಪಟ್ಟಿಯಲ್ಲಿರುವುದೆಲ್ಲ ಯಾರದೋ ಹೆಸರು, ಯಾರದೋ ಕೂಲಿ, ಅಂದರೆ ವೈಯಕ್ತಿಕ ಮಾಹಿತಿಯೇ. ಪುಟ್ಟಸ್ವಾಮಿ ಅವರು ಪ್ರಜೆಗೆಂದು ಗೆದ್ದ ಹಕ್ಕನ್ನು ಕಡತ ಮುಚ್ಚಿಡುವ ಅಧಿಕಾರಿಯ ನೆಪವಾಗಿ ಬಳಸುವ ಹಾದಿ ಇದರಿಂದ ತೆರೆಯುತ್ತದೆ. ಕಾಯ್ದೆಯ ಈ ಭಾಗವನ್ನು ಸಂಸತ್ತು ಹಿಂತೆಗೆದುಕೊಳ್ಳಬೇಕು.